ವೆಟ್ ರೂಮ್ ಮಾಡಿಸಿದವರು ಅನುಭವ ಹೇಳಿ

ಮೇಲಿನ ಮಹಡಿಯ ಸಣ್ಣ ಬಾತ್‌ರೂಮನ್ನು ವೆಟ್ ರೂಮ್ ಮಾಡಿಸಬೇಕು ಅಂತಿದ್ದೇವೆ. ಶವರ್‌ಗೆ ಕಟ್ಟೆ ಬೇಡ, ಟ್ರೇ ಬೇಡ, ಬಾಗಿಲಿಂದ ಸೀದಾ ನಡೆದು ಹೋಗುವ ಹಾಗಿರಬೇಕು. ಅಮ್ಮನಿಗೆ ಮಂಡಿನೋವು, ಕಾಲೆತ್ತಿ ದಾಟೋದು ಕಷ್ಟ. ಕೆಳಗಿನ ಕೋಣೆಗೆ ನೀರು ಇಳಿಯದ ಹಾಗೆ ಏನು ಮಾಡಬೇಕು?

—

ನಾವು ಎರಡು ಸಲ ಮಾಡಿಸಿದವರು, ಅದಕ್ಕೇ ಹೇಳ್ತಿದ್ದೇನೆ. ಮೊದಲ ಸಲ ದುಬಾರಿ ಟೈಲ್ಸ್ ಹಾಕಿಸಿ ನಿಶ್ಚಿಂತೆಯಾಗಿದ್ದೆವು. ಎಂಟೇ ತಿಂಗಳು. ಕೆಳಗಿನ ಸೀಲಿಂಗ್‌ನಲ್ಲಿ ಹಳದಿ ಉಂಗುರ ಕಾಣಿಸಿತು. ಟೈಲ್ಸ್ ಸಂದಿಯ ಗ್ರೌಟ್ ನೀರು ಹೀರುತ್ತದೆ ಅಂತ ಆಗ ಗೊತ್ತಿರಲಿಲ್ಲ. ನೀರು ತಡೆಯೋದು ಟೈಲ್ಸ್ ಅಲ್ಲ, ಅದರ ಕೆಳಗೆ ಬಳಿಯುವ ವಾಟರ್‌ಪ್ರೂಫ್ ಕೋಟಿಂಗ್.

ನಮ್ಮಲ್ಲಿ ಕೋಟಿಂಗೂ ಇತ್ತು, ತಮಾಷೆ ಅಂದರೆ ಅದೇ. ಒಡೆದು ನೋಡಿದರೆ ನೆಲದ ಮಧ್ಯೆ ಎಲ್ಲ ಚೆನ್ನಾಗಿತ್ತು. ಡ್ರೈನ್ ಪೈಪಿನ ಸುತ್ತ ಮಾತ್ರ ಉಗುರು ತೂರುವಷ್ಟು ಸಂದಿ. ಅದಕ್ಕೆ ಸುಮ್ನೆ ಸಿಮೆಂಟ್ ತುಂಬಿದ್ದರು. ಪೈಪ್ ಒಂದು ರೀತಿ ಹಿಗ್ಗುತ್ತೆ, ಸಿಮೆಂಟ್ ಇನ್ನೊಂದು ರೀತಿ. ಬಿರುಕು ಬಿಡದೆ ಇರುತ್ತಾ? ಎರಡನೇ ಸಲ ಅಗಲ ಅಂಚಿರುವ ಡ್ರೈನ್ ತಂದು, ಕೋಟಿಂಗನ್ನು ಆ ಅಂಚಿನ ಮೇಲೆ ತಂದು ಕೂರಿಸಿದೆವು. ನೆಲ–ಗೋಡೆ ಸೇರುವ ಮೂಲೆಗಳಿಗೆಲ್ಲ ಬಟ್ಟೆಯ ಟೇಪ್ ಇಟ್ಟು, ಅದರ ಮೇಲೆ ಬಳಿಸಿದೆವು. ಈಗ ಐದು ವರ್ಷ, ಕಲೆ ಇಲ್ಲ.

—

ಎರಡು ಕೋಟ್ ಬೇಕೇ ಬೇಕು. ಮೊದಲನೆಯದು ಉದ್ದಕ್ಕೆ, ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಎರಡೂ ಬೇರೆ ಬಣ್ಣದ್ದಾದರೆ ಬಿಟ್ಟುಹೋದ ಜಾಗ ಕಣ್ಣಿಗೆ ಬೀಳುತ್ತೆ. ಶವರ್ ಇರುವ ಗೋಡೆಗೆ ತಲೆಗಿಂತ ಮೇಲಿನವರೆಗೆ ಬಳಿಸಿ.

—

ಸ್ಲೋಪ್ ಮರೀಬೇಡಿ. ಒಂದು ಮೀಟರಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಇಳಿಜಾರು ಸಾಕು. ಇದನ್ನು ಕೆಳಗಿನ ಗಾರೆಯಲ್ಲೇ ತರಬೇಕು, ಟೈಲ್ಸ್ ಕೂರಿಸುವಾಗ ಎತ್ತಿ ಇಳಿಸಿ ಸರಿ ಮಾಡ್ತೀನಿ ಅನ್ನುವವರನ್ನು ನಂಬಬೇಡಿ. ಡ್ರೈನ್ ನಡುವೆ ಇದ್ದರೆ ನಾಲ್ಕೂ ಕಡೆಯಿಂದ ಸ್ಲೋಪ್ ಬೇಕು, ಆಗ ಸಣ್ಣ ಟೈಲ್ಸೇ ಸರಿ. ಗೋಡೆ ಪಕ್ಕ ಉದ್ದ ಡ್ರೈನ್ ಇಟ್ಟರೆ ಒಂದೇ ಕಡೆಗೆ ಸ್ಲೋಪ್, ದೊಡ್ಡ ಟೈಲ್ಸೂ ಕೂರುತ್ತೆ. ಆದರೆ ಅಮ್ಮನಿಗೆ ಅಂದರೆ ನಾನು ಸಣ್ಣದನ್ನೇ ಹೇಳ್ತೇನೆ. ಸಂದಿ ಜಾಸ್ತಿ, ಕಾಲು ಜಾರೋದು ಕಡಿಮೆ.

—

ಕೋಟಿಂಗ್ ಪೂರ್ತಿ ಒಣಗಿದ ಮೇಲೆ, ಟೈಲ್ಸ್ ಮುಟ್ಟುವ ಮುಂಚೆ, ಡ್ರೈನ್ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ. ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕಿ. ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗೆರೆ ಹಾಕಿ. ಎರಡೂ ಒಂದೇ ಸಮ ಇಳಿದರೆ ಅದು ಆವಿ. ನೆಲದ್ದು ಜಾಸ್ತಿ ಇಳಿದರೆ ಎಲ್ಲೋ ಸೋರಿಕೆ. ನಮ್ಮ ಮೇಸ್ತ್ರಿ "ಒಂದು ದಿನ ವೇಸ್ಟ್" ಅಂತ ಗೊಣಗಿದರು. ಬೆಳಗ್ಗೆ ನೋಡಿದರೆ ನೆಲದ್ದು ಅರ್ಧ ಬೆರಳು ಇಳಿದಿತ್ತು. ಬಾಗಿಲ ಹಿಂದಿನ ಮೂಲೆಯಲ್ಲಿ ಟೇಪ್ ಎದ್ದಿತ್ತು. ಆಮೇಲೆ ಅವರು ಗೊಣಗಲಿಲ್ಲ.

—

ಇನ್ನೊಂದು. ಅಮ್ಮ ಹಿಡಿದು ನಿಲ್ಲೋಕೆ ಗೋಡೆಗೆ ಹಾಕುವ ಹಿಡಿಕೆ ಎಲ್ಲಿ ಬರುತ್ತೆ ಅಂತ ಮೊದಲೇ ಗುರುತು ಮಾಡಿ, ತೂತು ಕೊರೆದಲ್ಲೆಲ್ಲ ಸ್ಕ್ರೂ ಹಾಕುವ ಮುಂಚೆ ಸಿಲಿಕೋನ್ ತುಂಬಿಸಿ. ನಾವು ಎಲ್ಲ ಮುಗಿದ ಮೇಲೆ ಟವೆಲ್ ರಾಡಿಗೆ ಅಂತ ಡ್ರಿಲ್ ಮಾಡಿ ಪೈಪಿಗೇ ಹೊಡೆದೆವು, ಆ ಕಥೆ ಬೇಡ.

—

ಕೇಳಿದವಳು ನಾನೇ. ಬಾಗಿಲಿಗೆ ಹೊಸ್ತಿಲೇ ಇಲ್ಲ, ನೀರು ನಿಲ್ಲಿಸಿದರೆ ಹಾಲ್‌ಗೆ ಬರಲ್ವಾ?

—

ಬರುತ್ತೆ. ಬಾಗಿಲಿಗೆ ಅಡ್ಡವಾಗಿ ಒಂದು ಸಾಲು ಇಟ್ಟಿಗೆ ಇಟ್ಟು, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಶೀಟ್ ಹೊದಿಸಿ, ಶೀಟಿನ ಒಳಗಿನ ಅಂಚನ್ನು ಕೋಟಿಂಗ್ ಮೇಲೆ ಟೇಪ್‌ನಿಂದ ಅಂಟಿಸಿ. ಕೋಟಿಂಗನ್ನೂ ಬಾಗಿಲಿಂದ ಒಂದಿಷ್ಟು ಆಚೆವರೆಗೆ ಬಳಿಸಿಬಿಡಿ. ಟೆಸ್ಟ್ ಮುಗಿದ ಮೇಲೆ ಇಟ್ಟಿಗೆ ತೆಗೆದರೆ ಆಯ್ತು.