ಬ್ಯಾಂಕ್ ಕೆಲಸ ಬಿಟ್ಟು ಕರಾಟೆ ಕ್ಲಾಸ್ ಶುರು ಮಾಡಬಹುದಾ? ಅನುಭವ ಇದ್ದವರು ಹೇಳಿ

ಶಿವಮೊಗ್ಗದಿಂದ:
ನಮಸ್ಕಾರ. ನನಗೆ ಶೋಟೊಕಾನ್ ಅನ್ನುವ ಕರಾಟೆ ಶೈಲಿಯಲ್ಲಿ ಎರಡನೇ ಡಾನ್, ಅಂದರೆ ಬ್ಲ್ಯಾಕ್ ಬೆಲ್ಟಿನ ಎರಡನೇ ದರ್ಜೆ, ಆಗಿದೆ. ಬ್ಯಾಂಕಿನಲ್ಲಿ ಕೆಲಸ, ಸಂಜೆ ನಮ್ಮ ಮಾಸ್ಟರ್ ಕ್ಲಾಸ್‌ನಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತೇನೆ. ಹೆಣ್ಣುಮಕ್ಕಳಿಗೇ ಅಂತ ಸ್ವಂತ ಕ್ಲಾಸ್ ಮಾಡುವ ಆಸೆ. ಮೂರನೇ ಡಾನ್ ಆಗುವ ತನಕ ಕಾಯಬೇಕಾ? ಕೆಲಸ ಬಿಡಬೇಕಾ? ಅಪ್ಪ ಒಪ್ಪುತ್ತಿಲ್ಲ.

ದಾವಣಗೆರೆಯಿಂದ:
ಡಾನ್ ವಿಷಯ ಆಮೇಲೆ, ಮೊದಲು ಜಾಗ ನೋಡಿ ಮೇಡಂ. ನಾನು ಕಲ್ಯಾಣ ಮಂಟಪದ ಊಟದ ಹಾಲ್ ಹಿಡಿದಿದ್ದೆ. ಅಡ್ವಾನ್ಸ್ 50,000, ಬಾಡಿಗೆ 9,000. ಮುಹೂರ್ತ ಇದ್ದ ದಿನ ಕ್ಲಾಸ್ ಇಲ್ಲ ಅಂತ ಮಾತು. ವೈಶಾಖ ಬಂತು ಅಂದರೆ ಹಾಲ್ ಸಿಗುವುದೇ ಇಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳು ಸೇರುವುದೂ ಆಗಲೇ. ಆಷಾಢದಲ್ಲಿ ಹಾಲ್ ಖಾಲಿ, ಅಷ್ಟೊತ್ತಿಗೆ ಸ್ಕೂಲು ಟ್ಯೂಷನ್ನು ಎಲ್ಲ ಶುರುವಾಗಿರುತ್ತದೆ.

ಮ್ಯಾಟ್ ಲೆಕ್ಕ ಕೇಳಿ. ಒಂದು ಮೀಟರ್ ಚೌಕದ್ದು ಒಂದಕ್ಕೆ 1,150. ಕುಮಿತೆಗೆ (ಇಬ್ಬರು ಎದುರುಬದುರಾಗಿ ಆಡುವ ಪಂದ್ಯ) ಎಂಟು ಮೀಟರ್ ಚೌಕದ ಅಂಕಣ ಅಂದರೆ 64 ಬೇಕು. 73,600 ಆಯಿತು. ಲಾರಿ ಬಾಡಿಗೆ, ಇಳಿಸುವ ಕೂಲಿ ಬೇರೆ. ಒಂದು ಮದುವೆ ದಿನ ಮೂಲೆಯಲ್ಲಿ ಪೇರಿಸಿಟ್ಟು ಬಂದಿದ್ದೆ. ಅಡುಗೆಯವರು ಒಲೆಯಿಂದ ಇಳಿಸಿದ ಸಾರಿನ ಕೊಳಗವನ್ನು ಅದರ ಮೇಲೇ ಇಟ್ಟಿದ್ದಾರೆ. ಮೇಲಿನ ಮ್ಯಾಟಿನಲ್ಲಿ ದುಂಡಗೆ ಸುಟ್ಟ ಕಲೆ, ಕೆಳಗಿನ ಮೂರು ಮೆತ್ತಗಾಗಿ ಸೊಟ್ಟ. ಮಂಟಪದವರು ಒಂದು ರೂಪಾಯಿ ಕೊಡಲಿಲ್ಲ. ಈಗ ಮನೆ ತಾರಸಿ ಮೇಲೆ ಶೀಟ್ ಹಾಕಿಸಿದ್ದೇನೆ. 2,40,000 ಆಯಿತು. ಆದರೆ ಯಾರ ಹಂಗೂ ಇಲ್ಲ.

ಹುಬ್ಬಳ್ಳಿಯಿಂದ:
ಜಾಗ ಹೇಗೋ ಸಿಗುತ್ತದೆ. ಕರಾಟೆಯಲ್ಲಿ ಮುಂದೆ ಏನಿದೆ ಅಂತ ಯಾರೂ ಕೇಳುತ್ತಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದು ಸಲ ಇತ್ತು, 2024ರ ಪ್ಯಾರಿಸ್‌ನಲ್ಲಿ ತೆಗೆದುಬಿಟ್ಟರು. ಟೇಕ್ವಾಂಡೋ 2000ದ ಸಿಡ್ನಿಯಿಂದ ಒಂದು ಸಲವೂ ತಪ್ಪಿಲ್ಲ. ನಾನೂ ಮೊದಲು ಕರಾಟೆಯಲ್ಲೇ ಇದ್ದವನು. ಬಿಟ್ಟು ಟೇಕ್ವಾಂಡೋಗೆ ಬಂದು ವೈಟ್ ಬೆಲ್ಟಿನಿಂದ ಶುರು ಮಾಡಿದೆ. ನಮ್ಮ ಡಾನ್ ಸರ್ಟಿಫಿಕೇಟ್ ಬರುವುದು ಟೇಕ್ವಾಂಡೋದ ಕೇಂದ್ರ ಸಂಸ್ಥೆಯಾದ ಸಿಯೋಲ್‌ನ ಕುಕ್ಕಿವನ್‌ನಿಂದ. ಒಂದರಿಂದ ಎರಡಕ್ಕೆ ಒಂದು ವರ್ಷ, ಎರಡರಿಂದ ಮೂರಕ್ಕೆ ಎರಡು, ಮೂರರಿಂದ ನಾಲ್ಕಕ್ಕೆ ಮೂರು. ಕರಾಟೆಯಲ್ಲಿ ಗಲ್ಲಿಗೊಂದು ಅಸೋಸಿಯೇಷನ್, ಬೋರ್ಡಿನಲ್ಲಿ ‘ವರ್ಲ್ಡ್’ ಅಂತ ಬರೆಸಿಕೊಂಡು ಬೆಲ್ಟ್ ಮಾರುತ್ತಾರೆ.

ಮಂಗಳೂರಿನಿಂದ:
ಬೆಲ್ಟ್ ಮಾರುತ್ತಾರೆ ಅಂದಿರಲ್ಲ, ಲೆಕ್ಕ ಕೊಡುತ್ತೇನೆ ಓದಿ. ಯೆಲ್ಲೋ ಬೆಲ್ಟ್ ಪರೀಕ್ಷೆಗೆ ನಾನು ತೆಗೆದುಕೊಳ್ಳುವುದು 600. ಅದರಲ್ಲಿ ಅಸೋಸಿಯೇಷನ್‌ಗೆ 250, ಸರ್ಟಿಫಿಕೇಟ್‌ಗೆ 100, ಬೆಲ್ಟಿಗೆ 120. ಉಳಿದ 130ರಲ್ಲಿ ಪರೀಕ್ಷಕರ ಬಸ್ ಚಾರ್ಜು, ಊಟ, ಬ್ಯಾನರ್. ಯಾವ ಅಂಗಡಿಯವನು ಇಷ್ಟಕ್ಕೆ ವ್ಯಾಪಾರ ಮಾಡುತ್ತಾನೆ?

2020ರಲ್ಲಿ ವರ್ಲ್ಡ್ ಕರಾಟೆ ಫೆಡರೇಶನ್ ನಮ್ಮ ದೇಶದ ಸಂಸ್ಥೆಯ ಮಾನ್ಯತೆ ಹಿಂದಕ್ಕೆ ಪಡೆದಾಗ ನಾವು ಪಟ್ಟ ಪಾಡು ನಿಮಗೆ ಗೊತ್ತಿಲ್ಲ. ಆಮೇಲೆ ನಮ್ಮಲ್ಲೂ ಎರಡು ಬಣ ಆಯಿತು. ಒಬ್ಬರು ಹಳೆ ಸರ್ಟಿಫಿಕೇಟ್ ನಡೆಯುವುದಿಲ್ಲ, ಹೊಸ ನೋಂದಣಿಗೆ 4,500 ಕಟ್ಟಿ ಅಂದರು. ಇನ್ನೊಬ್ಬರು ಕಟ್ಟಿದರೆ ನಮ್ಮ ಟೂರ್ನಮೆಂಟಿಗೆ ಬರಬೇಡಿ ಅಂದರು. ನನ್ನ ಬ್ರೌನ್ ಬೆಲ್ಟ್ ಮಕ್ಕಳು ಪದಕ ಹಿಡಿದುಕೊಂಡು ಬಂದು, ಸರ್ ಇದು ಸ್ಪೋರ್ಟ್ಸ್ ಕೋಟಾಕ್ಕೆ ನಡೆಯುತ್ತದಾ ಅಂತ ಕೇಳಿದರು. ಏನು ಹೇಳಲಿ? ಆದರೂ ನಾನು ಕರಾಟೆ ಬಿಟ್ಟು ಓಡಲಿಲ್ಲ.

ಹುಬ್ಬಳ್ಳಿಯಿಂದ:
ಓಡಿದ್ದು ಅಂತ ನನಗೇ ಹೇಳಿದಿರಿ, ಗೊತ್ತಾಯಿತು. ಆರು ವರ್ಷದ ಮಗುವಿಗೆ ಬ್ಲ್ಯಾಕ್ ಬೆಲ್ಟ್ ಕಟ್ಟಿ ಪೇಪರಿನಲ್ಲಿ ಫೋಟೋ ಹಾಕಿಸುವವರು ಯಾರು ರೀ? ನಮ್ಮಲ್ಲಿ 15 ವರ್ಷದೊಳಗಿನವರಿಗೆ ಡಾನ್ ಇಲ್ಲ, ಪೂಮ್ ಅನ್ನುವ ಮಕ್ಕಳ ದರ್ಜೆ ಮಾತ್ರ. ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು.

ಮಂಗಳೂರಿನಿಂದ:
ಯಾರೋ ಮಾಡಿದ್ದಕ್ಕೆ ನನ್ನನ್ನು ಯಾಕೆ ಎಳೆಯುತ್ತೀರಿ? ನನ್ನ ಕ್ಲಾಸ್‌ನಲ್ಲಿ ಹೇಯಾನ್ ಅನ್ನುವ ಐದೂ ಕಟಾ (ಒಬ್ಬರೇ ಮಾಡುವ ನಿಗದಿತ ವರಸೆ) ಕಣ್ಣು ಮುಚ್ಚಿ ಮಾಡುವ ತನಕ ಬ್ರೌನ್ ಬೆಲ್ಟ್ ಇಲ್ಲ. ನಿಮ್ಮ ಮಕ್ಕಳು ಕೈ ಕೆಳಗೆ ಬಿಟ್ಟುಕೊಂಡು ಬರೀ ಕಾಲು ಬೀಸುತ್ತಾರೆ. ಅದನ್ನು ಆತ್ಮರಕ್ಷಣೆ ಅಂತ ಹೆತ್ತವರಿಗೆ ಹೇಳುತ್ತೀರಿ.

ಮೈಸೂರಿನಿಂದ:
ಜಪಾನು, ಕೊರಿಯಾ ಅಂತ ಕಿತ್ತಾಡುತ್ತಿದ್ದೀರಿ. ಗರಡಿ ಮನೆ ಒಬ್ಬರಿಗೂ ನೆನಪಾಗಲಿಲ್ಲ ಅಲ್ವಾ? ನಾನು ಗರಡಿಯಲ್ಲಿ ಸಾಮು ಹೇಳಿಕೊಡುತ್ತೇನೆ. ಫೀಸು ಇಲ್ಲ, ಬೆಲ್ಟೂ ಇಲ್ಲ. ಮಟ್ಟಿ (ಕುಸ್ತಿ ಆಡುವ ಮಣ್ಣು) ಹದ ಮಾಡಲು ಎಣ್ಣೆ, ಅರಿಶಿನ, ನಿಂಬೆಹಣ್ಣು ಎಲ್ಲ ನನ್ನ ಕೈಯ ಖರ್ಚಿನಿಂದಲೇ. ಎಣ್ಣೆ ರೇಟು ನಿಮಗೇ ಗೊತ್ತು. ದಸರಾದಲ್ಲಿ ಅರಮನೆ ಅಂಗಳದಲ್ಲಿ ಬೆರಳಿಗೆ ಮೊನೆಯ ಆಯುಧ ತೊಟ್ಟು ಹೊಡೆದಾಡುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಲು ಜನ ಮುಗಿಬೀಳುತ್ತಾರೆ. ತಲೆಯಲ್ಲಿ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಉಳಿದ ದಿನ ಆ ವಿದ್ಯೆಯನ್ನು ಕೇಳುವವರು ಯಾರು? 2022ರಲ್ಲಿ ಹರಿಯಾಣದ ಖೇಲೋ ಇಂಡಿಯಾ ಕೂಟಕ್ಕೆ ಕೇರಳದ ಕಳರಿ, ಪಂಜಾಬಿನ ಗತ್ಕಾ, ಮಣಿಪುರದ ಥಾಂಗ್‌ತಾ ಎಲ್ಲ ಸೇರಿದವು. ವಜ್ರಮುಷ್ಟಿಯ ಹೆಸರು ಯಾರೂ ಎತ್ತಲಿಲ್ಲ.

ಕಲಬುರಗಿಯಿಂದ:
ಉಸ್ತಾದರೇ, ಕೇಳಿದವಳು ಹೆಣ್ಣುಮಕ್ಕಳ ಕ್ಲಾಸ್ ಬಗ್ಗೆ ಕೇಳಿದ್ದಾಳೆ. ನಿಮ್ಮ ಗರಡಿಗೆ ಹೆಣ್ಣುಮಕ್ಕಳನ್ನು ಬಿಡುತ್ತೀರಾ? ಮೊದಲು ಅದು ಹೇಳಿ.

ತಂಗಿ, ನಾನು ಸರ್ಕಾರಿ ಶಾಲೆಗಳಲ್ಲಿ ಆತ್ಮರಕ್ಷಣೆ ಹೇಳಿಕೊಡುತ್ತೇನೆ. ಒಂದು ಶಾಲೆಗೆ ತಿಂಗಳಿಗೆ 5,000, ಮೂರು ತಿಂಗಳು ಅಷ್ಟೇ. ಉಳಿದ ತಿಂಗಳು ಮನೆ ನಡೆಯುವುದು ಹೊಲಿಗೆಯಿಂದ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಗೆ ಹೋಗಿ ಬರುವ ಬಸ್ ಚಾರ್ಜು ಉಳಿಯಿತು. ಹುಡುಗಿಯರಿಗೆ ಪಂಚ್ ಬೇಗ ಬರುತ್ತದೆ, ಕೂಗುವುದು ಬರುವುದಿಲ್ಲ. ಹೊಡೆಯುವಾಗ ‘ಕಿಯಾಯ್’ ಅಂತ ಕೂಗು ಅಂದರೆ ದುಪಟ್ಟಾ ಬಾಯಿಗೆ ಹಿಡಿದು ನಗುತ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗಿಯ ಮಣಿಕಟ್ಟು ಗಟ್ಟಿಯಾಗಿ ಹಿಡಿದು, ಬಿಡಿಸಿಕೋ ಅಂದೆ. ಸುಮ್ನೆ ನಿಂತಳು. ಹಿಡಿದವರ ಹೆಬ್ಬೆರಳ ಕಡೆಗೆ ತಿರುಗಿಸಿ ಎಳೆ ಅಂತ ತೋರಿಸಿದೆ. ಎಳೆದಳು, ಬಿಟ್ಟುಬಂತು. ಆಗ ಕೂಗಿದಳು ನೋಡಿ, ಪಕ್ಕದ ಕ್ಲಾಸಿನ ಮೇಷ್ಟ್ರು ಓಡಿ ಬಂದರು! ಇದಕ್ಕೆ ಮೂರನೇ ಡಾನ್ ಬೇಕಾಗಿಲ್ಲ. ಆದರೆ ಬ್ಯಾಂಕ್ ಸಂಬಳ ಬಿಡಬೇಡ. ನನಗೆ ಅಂಥ ಸಂಬಳ ಇದ್ದಿದ್ದರೆ ಇನ್ನೂ ನಾಲ್ಕು ಶಾಲೆಗೆ ಪುಕ್ಕಟೆ ಹೋಗುತ್ತಿದ್ದೆ.

ಮೈಸೂರಿನಿಂದ:
ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳೂ ಆಡುತ್ತಾರಮ್ಮ. ನನ್ನ ಮೊಮ್ಮಗಳು ಅಂಗಳದಲ್ಲಿ ಗದೆ ತಿರುಗಿಸುತ್ತಾಳೆ. ಮಟ್ಟಿಗೆ ಇಳಿಸುವುದು ಹಿರಿಯರು ಕೂತು ತೀರ್ಮಾನ ಮಾಡಬೇಕಾದ ಮಾತು.

ಕಲಬುರಗಿಯಿಂದ:
ಅಂದರೆ ಬಿಡುವುದಿಲ್ಲ ಅಂತ.

ಹುಬ್ಬಳ್ಳಿಯಿಂದ:
ನಮ್ಮಲ್ಲಿ ಹುಡುಗಿಯರೇ ಜಾಸ್ತಿ.

ಮಂಗಳೂರಿನಿಂದ:
ಅದಕ್ಕೂ ಟೇಕ್ವಾಂಡೋ ಜಾಹೀರಾತಾ?

ದಾವಣಗೆರೆಯಿಂದ:
ಜಗಳ ಆಮೇಲೆ ಆಡಿ. ಮೇಡಂ, ಒಂದು ಮಾತು ಬಿಟ್ಟುಹೋಗಿತ್ತು. ನಿಮ್ಮದು ಮಲೆನಾಡಿನ ಬಾಗಿಲು, ಮಳೆ ನಮ್ಮೂರಿಗಿಂತ ಜಾಸ್ತಿ. ತಾರಸಿ ಮೇಲೆ ಶೀಟ್ ಹಾಕಿಸಬೇಡಿ. ಜುಲೈನಲ್ಲಿ ಆ ಸದ್ದಿಗೆ ಜಪಾನಿಯಲ್ಲಿ ಇಚಿ, ನಿ, ಸಾನ್ ಅಂತ ಎಣಿಸಿದ್ದು ಎದುರಿಗಿದ್ದ ಮಗುವಿಗೂ ಕೇಳುವುದಿಲ್ಲ. ಮ್ಯಾಟಿನ ಸಂದಿಯಲ್ಲಿ ಬೂಷ್ಟು ಬೇರೆ. ಮೇಲೆ ಆರ್‌ಸಿಸಿ ಇರುವ ಜಾಗವನ್ನೇ ಹುಡುಕಿ.