ಬೆಡ್ ಸೋರ್‌ಗೆ ‘ಒತ್ತಡದ ಹುಣ್ಣು’ ಸರೀನಾ, ‘ಹಾಸಿಗೆಯೊತ್ತು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಆಸ್ಪತ್ರೇಲಿ ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋ ಮನೆಯವರಿಗೆ ಅಂತ ಒಂದು ಪುಟದ ಹ್ಯಾಂಡ್‌ಔಟ್ ಬರೀತಿದ್ದೀನಿ, ತಲೆಬರಹದಲ್ಲೇ ಸಿಕ್ಕಾಕೊಂಡೆ. ‘ಒತ್ತಡದ ಹುಣ್ಣು ಬರದಂತೆ ತಡೆಯುವುದು’ ಅಂತ ಹಾಕಿದ್ದೆ. ಸೊಂಟ ಮುರಿದು ಮಲಗಿದ್ದ ಒಬ್ಬ ಅಜ್ಜನ ಮಗ ಓದಿ “ನಮ್ಮಪ್ಪಂಗೆ ಬಿಪಿ ಇಲ್ವಲ್ಲ ಮೇಡಂ, ಟೆನ್ಷನ್ನೂ ಮಾಡ್ಕೊಳ್ಳಲ್ಲ” ಅಂದ್ರು. ಅವರದೇನೂ ತಪ್ಪಿಲ್ಲ ಬಿಡಿ, ಈಗ ಒತ್ತಡ ಅಂದ್ರೆ ಒಂದೋ ರಕ್ತದೊತ್ತಡ ಇಲ್ಲಾ ಕೆಲಸದ ಒತ್ತಡ.

‘ಹಾಸಿಗೆ ಹುಣ್ಣು’ ಅಂದ್ರೆ ಹಾಸಿಗೆ ಗಲೀಜಾಗಿ ಬಂತು ಅಂದ್ಕೊಂಡು ದಿನಕ್ಕೆರಡು ಸಲ ಬೆಡ್‌ಶೀಟ್ ಬದಲಾಯಿಸ್ತಾರೆ, ಮಲಗಿರೋರನ್ನ ಮಾತ್ರ ಅಲ್ಲಾಡಿಸಲ್ಲ. ನಿಜವಾಗಿ ಆಗೋದು ಏನಂದ್ರೆ ಬೆನ್ನಿನ ಬುಡ, ಹಿಮ್ಮಡಿ, ಇಂಥ ಕಡೆ ಒಳಗಿಂದ ಎಲುಬು ಹೊರಗಿಂದ ಹಾಸಿಗೆ ಎರಡೂ ಸೇರಿ ನಡುವಿನ ಮಾಂಸಾನ ಅದುಮಿ ಹಿಡಿದು, ರಕ್ತ ಓಡಾಡದೆ ಅದು ಸಾಯ್ತಾ ಬರುತ್ತೆ.

‘ಹುಣ್ಣು’ ಬಗ್ಗೇನೂ ನಂಗೆ ತಕರಾರಿದೆ. ಮೊದಲನೇ ಹಂತದಲ್ಲಿ ಚರ್ಮ ಒಡೆದೇ ಇರಲ್ಲ, ಕೆಂಪಗಾಗಿರುತ್ತೆ, ಬೆರಳಲ್ಲಿ ಒತ್ತಿದ್ರೂ ಬಿಳಿಚಿಕೊಳ್ಳಲ್ಲ ಅಷ್ಟೆ. ನಮ್ಮಂಥ ಕಪ್ಪು ಮೈಯಲ್ಲಿ ಆ ಕೆಂಪೂ ಸರಿಯಾಗಿ ಕಾಣಲ್ಲ, ಮುಟ್ಟಿ ನೋಡ್ಬೇಕು, ಸುತ್ತಲಿಗಿಂತ ಬಿಸಿ ಇದೆಯಾ ಗಟ್ಟಿ ಇದೆಯಾ ಅಂತ. ಚರ್ಮ ಒಡೆಯದೇನೂ ಇರಬಹುದು ಅನ್ನೋ ಕಾರಣಕ್ಕೇ 2016ರಲ್ಲಿ ಅಮೆರಿಕದ ತಜ್ಞರ ಮಂಡಳಿಯವರು ‘ಪ್ರೆಷರ್ ಅಲ್ಸರ್’ ಬಿಟ್ಟು ‘ಪ್ರೆಷರ್ ಇಂಜುರಿ’ ಅಂದ್ರು. ನಾವು ‘ಗಾಯ’ ಅಂದ್ರೆ ಯಾರೋ ಹೊಡೆದಂಗೆ ಕೇಳುತ್ತೆ.

ಆಗ ಹೊಳೆದಿದ್ದು ಕಲ್ಲೊತ್ತು. ಬರಿಗಾಲಲ್ಲಿ ಕಲ್ಲು ತುಳಿದು ಅಂಗಾಲಲ್ಲಿ ಆಗುತ್ತಲ್ಲ, ಮೇಲೆ ಏನೂ ಕಾಣದಿದ್ರೂ ಕಾಲೂರಕ್ಕೆ ಆಗಲ್ಲ, ಅದು. ಅದೇ ಜಾಡಲ್ಲಿ ‘ಹಾಸಿಗೆಯೊತ್ತು’ ಅಂದ್ರೆ ಹೇಗೆ? ಹುಣ್ಣಾದ ಮೇಲೆ ‘ಒತ್ತುಹುಣ್ಣು’. ‘ಎಲುಬೊತ್ತು’ ಇನ್ನೂ ನಿಖರ ಅನ್ಸುತ್ತೆ, ಆದ್ರೆ ಓದಿದವರು ಎಲುಬಿನ ಡಾಕ್ಟರ್ ಹತ್ರ ಓಡ್ತಾರೆ.

‘ಪೊಸಿಷನ್ ಚೇಂಜ್’ಗೆ ಚಿಂತೆ ಇಲ್ಲ, ‘ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ’ ಅಂತ ಬರೆದೆ, ಎಲ್ರಿಗೂ ಅರ್ಥವಾಯ್ತು. ಕೆಂಪಾದ ಕಡೆ ಎಣ್ಣೆ ಹಚ್ಚಿ ತಿಕ್ಕಬೇಡಿ ಅನ್ನೋದೂ ಸಲೀಸು (ಒಪ್ಪಿಸೋದು ಕಷ್ಟ, ಅದು ಬೇರೆ ವಿಷಯ).

ಉಳಿದಿರೋದು ‘ಶಿಯರ್’. ತಲೆಕಡೆ ಮಂಚ ಎತ್ತಿದಾಗ ಮೈ ಕೆಳಕ್ಕೆ ಜಾರುತ್ತೆ, ಚರ್ಮ ಬೆಡ್‌ಶೀಟಿಗೆ ಅಂಟ್ಕೊಂಡು ಅಲ್ಲೇ ಉಳಿಯುತ್ತೆ, ನಡುವಿನ ಮಾಂಸ ಜಗ್ಗುತ್ತೆ. ‘ಜಾರುಜಗ್ಗು’ ಅಂತ ಗೀಚಿಟ್ಟಿದ್ದೀನಿ, ನಂಗೇ ನಗು ಬರ್ತಿದೆ. ನಿಮ್ ಕಡೆ ಇದಕ್ಕೆ ಏನಾದ್ರೂ ಮಾತಿದೆಯಾ?