ಬೀಗ ಬಿದ್ದ ಸರ್ಕಾರಿ ಆಸ್ಪತ್ರೆ: ಸಮುದಾಯ ಭವನವಾಗಬೇಕೋ, ವಸತಿಯಾಗಬೇಕೋ?

ಪ್ರಶ್ನೆ | ನೆರೆಮನೆಯವ

ನಮ್ಮ ಬಡಾವಣೆಯಲ್ಲಿ ಆರೋಗ್ಯ ಇಲಾಖೆಗೆ ಸೇರಿದ ಹಳೆಯ ಆಸ್ಪತ್ರೆಯೊಂದು, ಸೇವೆಗಳೆಲ್ಲ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡ ಮೇಲೆ, ಆರು ವರ್ಷಗಳಿಂದ ಮುಚ್ಚಿಕೊಂಡೇ ಇದೆ. ಆವರಣದಲ್ಲಿ ಮೂರು ಕಟ್ಟಡಗಳಿವೆ: ಎರಡು ಅಂತಸ್ತಿನ ಹಳೆಯ ವಾರ್ಡುಗಳ ಸಾಲು, ಅದರ ಹಿಂದೆ ನರ್ಸ್‌ಗಳ ವಸತಿಗೃಹ, ಬಹಳ ಕಾಲದ ನಂತರ ಸೇರಿಸಿದ ಅಗಲವಾದ ಹೊರರೋಗಿ ವಿಭಾಗ. ಅದನ್ನು ಸಮುದಾಯ ಭವನ ಮತ್ತು ವಾಚನಾಲಯ ಮಾಡಬೇಕೆಂದು ಕೆಲವರು, ಮನೆಯಿಲ್ಲದವರಿಗೆ ವಸತಿಯಾಗಿ ಕೊಡಬೇಕೆಂದು ಇನ್ನು ಕೆಲವರು ವಾದಿಸುತ್ತಿದ್ದಾರೆ. ಸಭೆಗಳು ಇದೇ ಜಗಳದಲ್ಲಿ ಮುಗಿಯುತ್ತಿವೆ. ಇಂಥ ಕಟ್ಟಡಗಳ ಅನುಭವವಿರುವವರು ಯಾವುದನ್ನು ಮೊದಲು ಯೋಚಿಸಬೇಕೆಂದು ದಯವಿಟ್ಟು ತಿಳಿಸಬೇಕು.

ಉತ್ತರ | ಗೋಡೆ ಅಳೆಯುವವಳು

ನಿಮ್ಮ ಜಗಳದ ಅರ್ಧಭಾಗವನ್ನು ಕಟ್ಟಡಗಳೇ ತೀರ್ಮಾನಿಸಿಬಿಟ್ಟಿವೆ ಎಂದು ನನಗೆ ತೋರುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಪ್ರತಿಪಾದಿಸಿದ ಮಾದರಿಯ ವಾರ್ಡುಗಳು ಕಿರಿದಾಗಿ, ಉದ್ದವಾಗಿ, ಎರಡೂ ಬದಿಗೆ ಎತ್ತರದ ಕಿಟಕಿಗಳೊಂದಿಗೆ ಇರುತ್ತಿದ್ದವು; ರೋಗಿಗೆ ಗಾಳಿ ಬೆಳಕು ಸಿಗಲೆಂದು ಮಾಡಿದ ಆ ವ್ಯವಸ್ಥೆ ಮನೆಗಳಿಗೂ ಒಗ್ಗುತ್ತದೆ, ಏಕೆಂದರೆ ವಾರ್ಡನ್ನು ಅಡ್ಡಲಾಗಿ ಎಲ್ಲಿ ವಿಭಾಗಿಸಿದರೂ ಪ್ರತಿ ಮನೆಗೂ ಕಿಟಕಿ ದಕ್ಕುತ್ತದೆ. ಆಮೇಲಿನ ಅಗಲ ಕಟ್ಟಡಗಳ ಕಥೆ ಬೇರೆ. ಯಂತ್ರದ ಗಾಳಿಯನ್ನು ನಂಬಿ ಕಟ್ಟಿದ ಅವುಗಳ ನಡುಭಾಗದ ಕೋಣೆಗಳಿಗೆ ಹೊರಗೋಡೆಯೇ ಇರುವುದಿಲ್ಲವಾದ್ದರಿಂದ ಅಲ್ಲಿ ಮಲಗುವ ಕೋಣೆ ಮಾಡಲಾಗದು, ಆದರೆ ಸಭಾಂಗಣ, ತರಬೇತಿ ಕೊಠಡಿ ಮಾಡಬಹುದು.

ಎಲ್ಲಕ್ಕಿಂತ ಸುಲಭವಾದದ್ದು ನರ್ಸ್‌ಗಳ ವಸತಿಗೃಹ. ಅದು ಮೊದಲಿನಿಂದಲೂ ಜನ ಮಲಗಿ ಏಳುತ್ತಿದ್ದ ಮನೆಯೇ. ಬರ್ಲಿನ್‌ನ ಬೆಥಾನಿಯೆನ್ ಆಸ್ಪತ್ರೆ 1970ರಲ್ಲಿ ಮುಚ್ಚಿದ ಮರುವರ್ಷ ಯುವಜನರು ಒಳಹೊಕ್ಕು ವಾಸಕ್ಕೆ ಹಿಡಿದದ್ದು ಅಲ್ಲಿನ ದಾದಿಯರ ವಸತಿಗೃಹವನ್ನೇ. ಮುಖ್ಯ ಕಟ್ಟಡ ಮುಂದೆ ಕಲಾವಿದರ ಕೆಲಸದ ಕೋಣೆಗಳಿಗೂ ಸಂಗೀತ ಶಾಲೆಗೂ ಒದಗಿತು. ಒಂದೇ ಆವರಣದಲ್ಲಿ ಎರಡೂ ಆದದ್ದನ್ನು ನಿಮ್ಮ ಸಭೆಯ ಎರಡು ಗುಂಪುಗಳೂ ಗಮನಿಸಬಹುದು.

ಇನ್ನು ಖರ್ಚು ಅಡಗಿ ಕೂತಿರುವ ಜಾಗಗಳು. ವಾರ್ಡಿನ ಶೌಚಾಲಯಗಳು ಒಂದು ತುದಿಯಲ್ಲಿ ಮಾತ್ರ ಇರುತ್ತವೆ. ಪ್ರತಿ ಮನೆಗೂ ಪ್ರತ್ಯೇಕ ಒಳಚರಂಡಿ ಕೊಡಬೇಕಾದರೆ ಮಹಡಿಯ ನೆಲವನ್ನು ಅನೇಕ ಕಡೆ ಕೊರೆಯಬೇಕಾಗುತ್ತದೆ. ಬೆಂಕಿಯ ವಿಷಯದಲ್ಲಂತೂ ಆಸ್ಪತ್ರೆಯ ತರ್ಕವೇ ಬೇರೆ: ಅಲ್ಲಿ ಸಿಬ್ಬಂದಿ ರೋಗಿಗಳನ್ನು ಅದೇ ಅಂತಸ್ತಿನ ಪಕ್ಕದ ಸುರಕ್ಷಿತ ಭಾಗಕ್ಕೆ ಸಾಗಿಸುತ್ತಾರೆ, ಮನೆಗಳಲ್ಲಿ ಸಾಗಿಸುವವರು ಯಾರೂ ಇರುವುದಿಲ್ಲವಾದ್ದರಿಂದ ಪ್ರತಿ ಮನೆಯ ಗೋಡೆ ಮತ್ತು ಬಾಗಿಲು ತಾವಾಗಿಯೇ ಬೆಂಕಿಯನ್ನು ತಡೆಯಬೇಕು. ಕೊಳವೆಗಳ ಸುತ್ತ ಕಲ್ನಾರು (ಆಸ್ಬೆಸ್ಟಾಸ್), ಎಕ್ಸ್‌ರೇ ಕೋಣೆಯ ಗೋಡೆಯಲ್ಲಿ ಸೀಸದ ಹಾಳೆ, ವರ್ಷಗಟ್ಟಲೆ ನಿಂತ ನೀರಿನ ಕೊಳವೆಗಳಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಇರಬಹುದೆಂದು ಎಣಿಸಿಯೇ ತಪಾಸಣೆಗೆ ಹಣ ತೆಗೆದಿಡಿ.

ಉತ್ತರ | ನಿವೃತ್ತ ಕಡತ

ಮೇಲಿನವರ ತಾಂತ್ರಿಕ ಮಾತುಗಳನ್ನು ಒಪ್ಪುತ್ತೇನೆ, ಆದರೆ ನಾನು ಮೊದಲು ಕೇಳುವುದು ಜಮೀನಿನ ಕಾಗದಗಳನ್ನು. ಎಷ್ಟೋ ಆಸ್ಪತ್ರೆಗಳ ನೆಲ ದಾನವಾಗಿ ಬಂದದ್ದು; 'ರೋಗಿಗಳ ಉಪಯೋಗಕ್ಕೆ ಮಾತ್ರ' ಎಂಬ ಷರತ್ತು ದಾನಪತ್ರದಲ್ಲಿದ್ದರೆ ನಿಮ್ಮ ನಕ್ಷೆಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ. ಆಮೇಲಿನ ಪ್ರಶ್ನೆ, ಇಲಾಖೆ ಜಾಗವನ್ನು ಮಾರುತ್ತದೆಯೋ ದೀರ್ಘಾವಧಿ ಗುತ್ತಿಗೆಗೆ ಕೊಡುತ್ತದೆಯೋ ಎಂಬುದು. ಲಂಡನ್ನಿನಲ್ಲಿ 1851ರಲ್ಲಿ ಆರಂಭವಾಗಿ 1993ರಲ್ಲಿ ಮುಚ್ಚಿದ ಫ್ರಯರ್ನ್ ಮಾನಸಿಕ ಆಸ್ಪತ್ರೆ ಐಷಾರಾಮಿ ಫ್ಲ್ಯಾಟುಗಳಾಯಿತು. ಅದೇ ನಗರದಲ್ಲಿ 2005ರಲ್ಲಿ ಮುಚ್ಚಿದ ಸೇಂಟ್ ಕ್ಲೆಮೆಂಟ್ಸ್ ಆಸ್ಪತ್ರೆಯ ಆವರಣದಲ್ಲಾದರೋ, ಸ್ಥಳೀಯರ ಹೋರಾಟದ ಫಲವಾಗಿ 23 ಮನೆಗಳು ಸಮುದಾಯದ ಭೂನ್ಯಾಸವೊಂದಕ್ಕೆ (ಸ್ಥಳೀಯರ ಪರವಾಗಿ ಆಸ್ತಿ ಹಿಡಿದಿಡುವ ಟ್ರಸ್ಟಿಗೆ) ದಕ್ಕಿ, ಅವುಗಳ ಬೆಲೆಯನ್ನು ಮಾರುಕಟ್ಟೆಯ ಬದಲು ಆ ಪ್ರದೇಶದ ಜನರ ಆದಾಯಕ್ಕೆ ಕಟ್ಟಿಹಾಕಲಾಯಿತು. ಮರುಮಾರಾಟಕ್ಕೂ ಅದೇ ನಿಯಮ. ಆವರಣದ ಒಟ್ಟು 250ಕ್ಕೂ ಹೆಚ್ಚು ಮನೆಗಳಲ್ಲಿ 23 ಎಂಬುದು ನನಗೆ ಅಷ್ಟೇನೂ ದೊಡ್ಡ ಗೆಲುವಾಗಿ ಕಾಣುವುದಿಲ್ಲ, ಇರಲಿ.

ಅಮೆರಿಕದಲ್ಲಿ 1987ರ ಮೆಕಿನ್ನಿ ಕಾಯಿದೆಯಂತೆ ಒಕ್ಕೂಟ ಸರ್ಕಾರ ತನಗೆ ಬೇಡವಾದ ಕಟ್ಟಡವನ್ನು ವಿಲೇವಾರಿ ಮಾಡುವ ಮುನ್ನ, ಮನೆಯಿಲ್ಲದವರ ನೆರವಿಗೆ ಅದು ತಕ್ಕುದೇ ಎಂದು ಪರಿಶೀಲಿಸಿ ಪ್ರಕಟಿಸಲೇಬೇಕು. ಇಂಥ ನಿಯಮ ನಿಮ್ಮಲ್ಲಿ ಇಲ್ಲದಿದ್ದರೆ, ಮಾರಾಟಕ್ಕೆ ಮೊದಲು ಸ್ಥಳೀಯರ ಅಹವಾಲು ಕೇಳಬೇಕೆಂದಾದರೂ ಲಿಖಿತವಾಗಿ ಒತ್ತಾಯಿಸಿ.

ಉತ್ತರ | ನೆರೆಮನೆಯವ

ಇಬ್ಬರಿಗೂ ಕೃತಜ್ಞತೆಗಳು. ದಾನಪತ್ರದ ವಿಷಯ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆದರೆ ಕಾಗದ, ತಪಾಸಣೆ, ಅನುಮತಿ ಎಲ್ಲ ಮುಗಿಯುವಷ್ಟರಲ್ಲಿ ಇನ್ನೂ ಕೆಲವು ವರ್ಷ ಕಳೆದುಹೋದಾವು, ವಾರ್ಡುಗಳ ಮಾಳಿಗೆ ಈಗಲೇ ಸೋರುತ್ತಿದೆ. ಅಲ್ಲಿಯವರೆಗೆ ಏನು ಮಾಡುವುದು?

ಉತ್ತರ | ತಾತ್ಕಾಲಿಕ

ಮೊದಲು ಮಾಳಿಗೆಯ ನೀರುದಾರಿಗಳನ್ನು ಸ್ವಚ್ಛಗೊಳಿಸಲು ಅನುಮತಿ ಪಡೆಯಿರಿ. ಕಟ್ಟಿಕೊಂಡ ಒಂದು ನೀರುದಾರಿ ಕೆಲವೇ ಮಳೆಗಾಲಗಳಲ್ಲಿ ತೊಲೆಯನ್ನು ಕೊಳೆಯಿಸುತ್ತದೆ. ನಂತರ ತಾತ್ಕಾಲಿಕ ಬಳಕೆಯನ್ನು ಕೇಳಿ. ಪ್ಯಾರಿಸ್ಸಿನ ಸೇಂಟ್ ವಿನ್ಸೆಂಟ್ ದ ಪಾಲ್ ಆಸ್ಪತ್ರೆಯ ಆವರಣ ಹೊಸ ಬಡಾವಣೆಯಾಗುವವರೆಗೆ, 2015ರಿಂದ 2020ರವರೆಗೆ, 'ಲೆ ಗ್ರಾಂ ವ್ವಾಜ಼ಾಂ' ಎಂಬ ಹೆಸರಿನಲ್ಲಿ ತೆರೆದಿತ್ತು. ಒಂದು ಹಂತದಲ್ಲಿ ಸುಮಾರು 600 ಮಂದಿ ಮನೆಯಿಲ್ಲದವರಿಗೆ ಅಲ್ಲಿ ಆಸರೆ ಸಿಕ್ಕಿದ್ದಲ್ಲದೆ, ಸಂಘಸಂಸ್ಥೆಗಳೂ ಸಣ್ಣ ಕುಶಲಕರ್ಮಿಗಳೂ ಅವರ ಪಕ್ಕದಲ್ಲೇ ಕೆಲಸ ಮಾಡಿದರು. ಖಾಲಿ ಕಟ್ಟಡಕ್ಕೂ ಮಾಲೀಕರು ಕಾವಲು ಮತ್ತು ವಿಮೆಗೆ ಹಣ ತೆರುತ್ತಲೇ ಇರುತ್ತಾರೆ ಎಂಬುದನ್ನು ಮನವಿಯಲ್ಲಿ ಮೊದಲ ಸಾಲಿಗೇ ಬರೆಯಿರಿ; ಅಧಿಕಾರಿಗಳಿಗೆ ಬಹುಬೇಗ ಅರ್ಥವಾಗುವ ವಾದ ಅದು.

ಒಂದು ಎಚ್ಚರಿಕೆ ಮಾತ್ರ ಉಂಟು. ಅವಧಿ ಮುಗಿದ ದಿನ ಅಲ್ಲಿ ವಾಸವಿರುವವರು ಎಲ್ಲಿಗೆ ಹೋಗಬೇಕೆಂಬುದನ್ನು ಕರಾರಿನಲ್ಲೇ ಬರೆಸದೆ ಯಾರನ್ನೂ ವಾಸಕ್ಕೆ ಕರೆತರಬೇಡಿ. ಅಷ್ಟು ಖಚಿತವಾಗದಿದ್ದರೆ, ಹೊರರೋಗಿ ವಿಭಾಗದ ನೆಲ ಅಂತಸ್ತಿನಲ್ಲಿ ವಾಚನಾಲಯದಿಂದ ಆರಂಭಿಸಿ.

ಉತ್ತರ | ನೆರೆಮನೆಯವ

ಹಾಗೆಯೇ ಮಾಡುತ್ತೇವೆ. ದಾನಪತ್ರದ ಪ್ರತಿಗೆ ನಾಳೆಯೇ ಅರ್ಜಿ ಹಾಕುತ್ತೇನೆ. ಮುಂದಿನ ಸಭೆಗೆ ಮೂರು ಕಟ್ಟಡಗಳ ನಕ್ಷೆಯನ್ನು ಬೇರೆ ಬೇರೆಯಾಗಿಯೇ ಒಯ್ಯುತ್ತೇವೆ.